ನಮಗೇನಿಲ್ಲ, ಜನ ಒಪ್ಪಲ್ಲ

ಈ ವಿಶೇಷ ಸಂಚಿಕೆಗೆ ಬರೆಯಿರಿ ಎಂದು ಸಂಪಾದಕರು ಕೇಳಿದಾಗ ನಾನು ಒಪ್ಪಿಕೊಂಡಿದ್ದ ವಿಷಯ ಬೇರೆ. ನಮ್ಮ ಆತ್ಮಕತೆಗಳ ಭಾಷೆಯ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಈಗ ಕಳಿಸುತ್ತಿರುವುದು ಅಮೆರಿಕದ ಟೀವಿಯಲ್ಲಿ ಹುಟ್ಟಿ ಒಂದೇ ವರ್ಷಕ್ಕೆ ಕಣ್ಣು ಮುಚ್ಚಿದ ಕೆಲವು ವೈಜ್ಞಾನಿಕ ಧಾರಾವಾಹಿಗಳ ಬಗ್ಗೆ. ಗೆಳೆಯರು ನಗಬಹುದು. 'ಕೇರೀಲಿ ಕುಡಿಯೋಕೆ ನೀರಿಲ್ಲ, ಇವನಿಗೆ ನಕ್ಷತ್ರಲೋಕದ ಚಿಂತೆ' ಅನ್ನಲೂಬಹುದು. ಅನ್ನಲಿ. ಕತೆಯೊಂದನ್ನು ಅರ್ಧಕ್ಕೆ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿರುತ್ತದೆ, ನಿಲ್ಲಿಸುವಾಗ ಅವರು ಯಾವ ಮಾತನ್ನು ಆಡುತ್ತಾರೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಅದನ್ನು ನಾನು ಮೊದಲು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಒಂದು ಕಿಟಕಿಯಿಂದ.

ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ತೋರಿಸುತ್ತಿತ್ತು. ನಮ್ಮೂರಲ್ಲಿ ಟೀವಿ ಇದ್ದದ್ದು ಒಂದು ಮನೆಯಲ್ಲಿ. ಊರ ಹುಡುಗರು ಒಳಗೆ ಚಾಪೆ ಮೇಲೆ, ನಾವು ಕೇರಿಯ ಏಳೆಂಟು ಜನ ಹೊರಗೆ ಕಿಟಕಿ ಸರಳು ಹಿಡಿದುಕೊಂಡು. ಇಂಗ್ಲಿಷು ಒಂದಕ್ಷರ ತಿಳಿಯುತ್ತಿರಲಿಲ್ಲ. ಚೂಪು ಕಿವಿಯವನೊಬ್ಬ, ಹಡಗಿನ ಯಂತ್ರದ ಮುಂದೆ ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ಕೂತ ಕಪ್ಪು ಹೆಂಗಸೊಬ್ಬಳು, ಇಷ್ಟು ನೆನಪು. ಆ ಹೆಂಗಸು ನಮ್ಮ ಅತ್ತೆಯಂತಿದ್ದಾಳೆ ಅಂತ ನಾವು ಮಾತಾಡಿಕೊಳ್ಳುತ್ತಿದ್ದೆವು. ಆಕೆ ನಿಶೆಲ್ ನಿಕೋಲ್ಸ್. ಪಾತ್ರ ಬಿಟ್ಟುಬಿಡಬೇಕೆಂದಿದ್ದಾಗ ಬಿಡಬೇಡ ಎಂದು ತನ್ನನ್ನು ತಡೆದವರು ಮಾರ್ಟಿನ್ ಲೂಥರ್ ಕಿಂಗ್ ಎಂದು ಆಕೆಯೇ ಹೇಳಿಕೊಂಡಿದ್ದನ್ನು ಎಷ್ಟೋ ವರ್ಷ ಆದಮೇಲೆ ಓದಿದೆ.

ಒಂದು ಭಾನುವಾರ ಆ ಮನೆಯ ಯಜಮಾನರು ಎದ್ದು ಬಂದು ಕಿಟಕಿ ಬಾಗಿಲು ಎಳೆದರು. ಸಿಟ್ಟಿನಿಂದಲ್ಲ, ಬಹಳ ಮೆತ್ತಗೆ. 'ನನಗೇನಿಲ್ಲ ಕಣ್ರಪ್ಪಾ, ಮನೇಲಿ ಹೆಂಗಸ್ರು ಒಪ್ಪಲ್ಲ' ಅಂದರು. ಹಡಗು ಎಲ್ಲಿಗೆ ಹೋಯ್ತೋ ನಮಗೆ ಗೊತ್ತಾಗಲಿಲ್ಲ.

ಈ ವಾಕ್ಯವನ್ನು ನಾವೆಲ್ಲ ಕೇಳಿದ್ದೇವೆ. ಹೋಟಲಿನವನು ಹೇಳುತ್ತಾನೆ, 'ನಮಗೇನಿಲ್ಲ, ಗಿರಾಕಿಗಳು ಒಪ್ಪಲ್ಲ'. ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವನು, 'ನಮಗೇನಿಲ್ಲ, ಪಕ್ಕದ ಮನೆಯವರು ಒಪ್ಪಲ್ಲ'. ಹೇಳುವವನು ಯಾವತ್ತೂ ಒಳ್ಳೆಯವನೇ. ಒಪ್ಪದೇ ಇರುವವರು ಯಾವತ್ತೂ ಅಲ್ಲಿ ಇರುವುದಿಲ್ಲ. ಅವರನ್ನು ಹುಡುಕಿಕೊಂಡು ಹೋದರೆ ಅವರೂ ಇದೇ ಮಾತಾಡುತ್ತಾರೆ.

•

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು 'ಏಲಿಯನ್ ನೇಷನ್' ಎಂಬ ಧಾರಾವಾಹಿಯ ಬಗ್ಗೆ. ೧೯೮೮ರಲ್ಲಿ ಇದೇ ಹೆಸರಿನ ಸಿನಿಮಾ ಬಂದಿತ್ತು. ಅದನ್ನಿಟ್ಟುಕೊಂಡು ಕೆನೆತ್ ಜಾನ್ಸನ್ ಎಂಬಾತ ಟೀವಿಗೆ ರೂಪಿಸಿದ್ದು. ಫಾಕ್ಸ್ ಜಾಲದಲ್ಲಿ ೧೯೮೯ರ ಸೆಪ್ಟೆಂಬರಿನಲ್ಲಿ ಶುರುವಾಗಿ ೧೯೯೦ರ ಮೇ ತಿಂಗಳಲ್ಲಿ ಮುಗಿದುಹೋಯಿತು. ೨೨ ಕಂತು. ನಾನು ನೋಡಿದ್ದು ಬಹಳ ತಡವಾಗಿ, ಗೆಳೆಯನ ಮಗಳು ಆ ದೇಶದಿಂದ ತಂದ ಡಿವಿಡಿಗಳಲ್ಲಿ.

ಕತೆ ಇಷ್ಟು. ಎರಡೂವರೆ ಲಕ್ಷ ಜನರನ್ನು ಹೊತ್ತ ಹಡಗೊಂದು ಆಕಾಶದಿಂದ ಮೊಹಾವಿ ಮರುಭೂಮಿಗೆ ಬಂದು ಬೀಳುತ್ತದೆ. ಒಳಗಿದ್ದವರು ದಂಡೆತ್ತಿ ಬಂದವರಲ್ಲ, ಜೀತದಾಳುಗಳು. ದುಡಿಯಲೆಂದೇ ತಳಿ ಬೆಳೆಸಿದ ಜನ. ಹಡಗಿನಲ್ಲಿ ಅವರ ಮೇಲೆ ಮೇಸ್ತ್ರಿಗಳಾಗಿ ನಿಂತವರೂ ಅವರದೇ ಕುಲದವರು. ಈ 'ಹೊಸಬರು' ಲಾಸ್ ಏಂಜಲೀಸಿನಲ್ಲಿ ನೆಲೆಸುತ್ತಾರೆ. ಬೋಳುತಲೆ, ತಲೆಯ ಮೇಲೆ ಚುಕ್ಕೆ. ಹುಳಿಬಿಟ್ಟ ಹಾಲು ಕುಡಿದರೆ ಅಮಲು, ಸಮುದ್ರದ ನೀರು ತಾಗಿದರೆ ಮೈ ಸುಡುತ್ತದೆ. ಹಸಿ ಮಾಂಸ ತಿನ್ನುತ್ತಾರೆ. ಅವರು ಏನು ತಿನ್ನುತ್ತಾರೆ, ಅವರಿಂದ ಯಾವ ವಾಸನೆ ಬರುತ್ತದೆ ಎನ್ನುವುದೇ ನಗರದವರಿಗೆ ದೊಡ್ಡ ಮಾತು. ಈ ಹಸಿ ಮಾಂಸದ ವಿಷಯ ಬಂದಾಗಲೆಲ್ಲ ನಾನು ಟೀವಿಯ ಹತ್ತಿರ ಸರಿದು ಕೂತೆ. ಯಾಕೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಹೆಸರಿನ ವಿಷಯವೂ ಹಾಗೇ. ವಲಸೆ ಕಚೇರಿಯ ಗುಮಾಸ್ತರಿಗೆ ಲಕ್ಷಾಂತರ ಜನರ ಹೆಸರು ಬರೆದು ಬರೆದು ಬೇಜಾರಾಗಿ ತಮಾಷೆಗೆ ಏನೇನೋ ಬರೆದುಬಿಟ್ಟಿರುತ್ತಾರೆ. ಕಥಾನಾಯಕನಾದ ಪೊಲೀಸ್ ಪತ್ತೇದಾರ ಜಾರ್ಜನ ಮನೆತನಕ್ಕೆ ಊರೊಂದರ ಹೆಸರಿನ ಅರ್ಧ ತುಂಡು, 'ಫ್ರಾನ್ಸಿಸ್ಕೊ'. ಸಿನಿಮಾದಲ್ಲಂತೂ ಆತನ ಪೂರ್ತಿ ಹೆಸರೇ ಒಂದು ಜೋಕು, ಸ್ಯಾಮ್ ಫ್ರಾನ್ಸಿಸ್ಕೊ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬಾಯಿಗೆ ಬಂದ ಹೆಸರು, ಬಾಯಿಗೆ ಬಂದ ಹುಟ್ಟಿದ ದಿನ ಬರೆದುಕೊಂಡ ತಲೆಮಾರು ನಮ್ಮದು. ನನ್ನ ಅಣ್ಣನ ಹುಟ್ಟುಹಬ್ಬ, ನನ್ನ ಹುಟ್ಟುಹಬ್ಬ, ನಮ್ಮ ಕೇರಿಯ ಹದಿಮೂರು ಜನರ ಹುಟ್ಟುಹಬ್ಬ ಎಲ್ಲ ಜೂನ್ ಒಂದಕ್ಕೇ ಬರುತ್ತದೆ.

ಮೊದಲ ಕಂತಿನಲ್ಲೇ ಜಾರ್ಜನ ಮಗಳು ಎಮಿಲಿ ಶಾಲೆಗೆ ಸೇರುವ ಪ್ರಸಂಗವಿದೆ. ಶಾಲೆಯ ಮುಂದೆ ಕೂಗಾಡುವ ಗುಂಪು. ಅಮೆರಿಕದಲ್ಲಿ ೧೯೫೭ರಲ್ಲಿ ಲಿಟಲ್ ರಾಕ್ ಊರಿನ ಶಾಲೆಯ ಮುಂದೆ ನಡೆದದ್ದನ್ನೇ ಇದು ಬೇರೆ ಮುಖವಾಡ ಹಾಕಿ ತೋರಿಸುತ್ತದೆ. ಮುಖವಾಡ ಎಂಬುದು ನಿಜವಾಗಿಯೂ ಮುಖವಾಡವೇ. ನಟರಿಗೆ ಪ್ರತಿದಿನ ಆ ಬೋಳುತಲೆ ಅಂಟಿಸಬೇಕು. ಅದಕ್ಕೆ ಹೊತ್ತೂ ಬೇಕು, ದುಡ್ಡೂ ಬೇಕು.

•

ಹೀಗೆ ದುಡ್ಡಿನ ಮಾತು ಬಂತು. ಬಿಡುವ ಹಾಗಿಲ್ಲ. ನಮ್ಮ ವಿಮರ್ಶೆಗೆ ಒಂದು ಕೆಟ್ಟ ಚಾಳಿಯಿದೆ, ಎಲ್ಲವನ್ನೂ ಸಂವೇದನೆಯ ಪ್ರಶ್ನೆ ಮಾಡಿ ಲೆಕ್ಕದ ಪುಸ್ತಕವನ್ನು ಮುಚ್ಚಿಡುವುದು.

ಅಂದಿನ ಅಮೆರಿಕದ ಟೀವಿಯಲ್ಲಿ ಒಂದು ಕಂತಿಗೆ ಸ್ಟುಡಿಯೋ ಮಾಡುವ ಖರ್ಚಿಗಿಂತ ಜಾಲದವರು ಕೊಡುವ ಹಣ ಸಾಮಾನ್ಯವಾಗಿ ಕಡಿಮೆ. ಆ ನಷ್ಟವನ್ನು ಸ್ಟುಡಿಯೋ ತುಂಬಿಕೊಳ್ಳುತ್ತಿದ್ದುದು ನೂರರ ಹತ್ತಿರ ಕಂತುಗಳಾದ ಮೇಲೆ ಊರೂರಿನ ಸ್ಥಳೀಯ ಕೇಂದ್ರಗಳಿಗೆ ದಿನಕ್ಕೊಂದರಂತೆ ಮರುಪ್ರಸಾರಕ್ಕೆ ಮಾರಿ. ೨೨ ಕಂತಿಗೆ ನಿಂತ ಧಾರಾವಾಹಿ ಆ ಸಂತೆಗೆ ಹೊಡೆದುಕೊಂಡು ಹೋಗುವಷ್ಟು ಬೆಳೆಯದ ಕರು. 'ಸ್ಟಾರ್ ಟ್ರೆಕ್' ಕೂಡ ೧೯೬೬ರಿಂದ ೬೯ರವರೆಗೆ ಮೂರೇ ವರ್ಷ ನಡೆದದ್ದು. ಎರಡನೇ ವರ್ಷಕ್ಕೇ ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ರಾಶಿ ರಾಶಿ ಕಾಗದ ಬರೆದರು, ಮೂರನೇ ವರ್ಷ ಸಿಕ್ಕಿತು, ಕಂತು ೭೯ಕ್ಕೆ ಮುಟ್ಟಿತು. ಮರುಪ್ರಸಾರಕ್ಕೆ ಅಷ್ಟು ಸಾಕಾಯಿತು. ನಮ್ಮೂರಿನ ಕಿಟಕಿಯವರೆಗೆ ಅದು ಬಂದದ್ದರ ಹಿಂದೆ ಆ ಮೂರನೇ ವರ್ಷವೂ ಇದೆ.

ಇನ್ನು ನೋಡುವವರ ಲೆಕ್ಕ. ನೀಲ್ಸನ್ ಕಂಪನಿ ಆ ಕಾಲದಲ್ಲಿ ಸುಮಾರು ನಾಲ್ಕು ಸಾವಿರ ಮನೆಗಳಲ್ಲಿ ಯಂತ್ರ ಇಟ್ಟು ಟೀವಿಯಿದ್ದ ೯ ಕೋಟಿಗೂ ಹೆಚ್ಚು ಮನೆಗಳ ರುಚಿಯನ್ನು ಹೇಳುತ್ತಿತ್ತು. ಅದರಲ್ಲಿ ಮೋಸವಿಲ್ಲ. ಅನ್ನ ಬೆಂದಿದೆಯೋ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ತಕರಾರು ಇರುವುದು ಆಮೇಲೆ. ಜಾಹೀರಾತಿನವರಿಗೆ ಬೇಕಾದದ್ದು ಎಷ್ಟು ಜನ ಎಂಬುದಷ್ಟೇ ಅಲ್ಲ, ಎಂಥ ಜನ ಎಂಬುದು. ಹದಿನೆಂಟರಿಂದ ನಲವತ್ತೊಂಬತ್ತರ ಒಳಗಿನ, ಜೇಬಿನಲ್ಲಿ ಕಾಸಿರುವ ಕಣ್ಣಿಗೆ ಒಂದು ಬೆಲೆ, ಮುದುಕಿಯ ಕಣ್ಣಿಗೆ ಇನ್ನೊಂದು. ನಾವು ಏಳೆಂಟು ಜನ ಕಿಟಕಿಯಲ್ಲಿ ನಿಂತು ನೋಡಿದ್ದು ಯಾವ ದೇಶದ ಯಾವ ಯಂತ್ರದಲ್ಲೂ ದಾಖಲಾಗುವಂಥದ್ದಲ್ಲ. ಯಂತ್ರ ಇರುವುದು ಮನೆಯೊಳಗೆ.

'ಏಲಿಯನ್ ನೇಷನ್' ನಿಂತದ್ದಕ್ಕೆ ಕಾರಣ ಆಗಿನ್ನೂ ಎಳೆಯದಾಗಿದ್ದ ಫಾಕ್ಸ್ ಜಾಲದ ಹಣದ ಮುಗ್ಗಟ್ಟು ಎಂದು ಹೇಳಲಾಗುತ್ತದೆ. ನಾನು ಅದನ್ನು ಒಪ್ಪುತ್ತೇನೆ. ಜೀತದಾಳುಗಳ ಕತೆಯೆಂದು ಯಾರೋ ಕೂತು ಪಿತೂರಿ ಮಾಡಿದರು ಅನ್ನುವುದು ಸುಲಭದ ವಿಮರ್ಶೆ. ಆದರೂ ಕೊನೆಯ ಕಂತು ಎಲ್ಲಿ ನಿಂತಿದೆ ನೋಡಿ. ಹೊಸಬರನ್ನು ಮಾತ್ರ ಕೊಲ್ಲುವ ರೋಗಾಣುವನ್ನು ಶುದ್ಧರಕ್ತದ ಸಂಘದವರು ತಯಾರಿಸಿದ್ದಾರೆ. ಜಾರ್ಜನ ಹೆಂಡತಿಗೂ ಮಗಳಿಗೂ ಅದು ತಗುಲಿದೆ. ಅಲ್ಲಿಗೆ ಕಿಟಕಿ ಮುಚ್ಚಿತು. ಆ ತಾಯಿ ಮಗಳು ನಾಲ್ಕು ವರ್ಷ ಹಾಗೇ ಮಲಗಿದ್ದರು.

•

ನಮ್ಮ ಚರಿತ್ರೆಯಲ್ಲೂ ಇಂಥ ಅಲ್ಪಾಯುಷಿಗಳಿವೆ. ಬಾಬಾಸಾಹೇಬರ 'ಮೂಕನಾಯಕ' ೧೯೨೦ರ ಜನವರಿ ೩೧ರಂದು ಹೊರಟಿತು. ಶಾಹು ಮಹಾರಾಜರು ಎರಡೂವರೆ ಸಾವಿರ ರೂಪಾಯಿ ಕೊಟ್ಟಿದ್ದರು. ಹಣ ಕೊಡುತ್ತೇವೆಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ೧೯೨೩ರ ಹೊತ್ತಿಗೆ ನಿಂತೇಹೋಯಿತು. ಆಮೇಲೆ ೧೯೨೭ರಲ್ಲಿ 'ಬಹಿಷ್ಕೃತ ಭಾರತ', ಅದೂ ಎರಡೇ ವರ್ಷ. ಕಾಸು ಕೊಟ್ಟು ಕೇಳಿದರೂ ಜಾಗ ಸಿಗದ ಸಂತೆ ಅದು. ಮಾರುಕಟ್ಟೆಗೆ ಜಾತಿ ಗೊತ್ತಿಲ್ಲ, ಲಾಭ ಮಾತ್ರ ಗೊತ್ತು ಎಂದು ನಂಬುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಪುಟ್ಟ ಘಟನೆಯನ್ನು ನೆನಪಿಸುತ್ತೇನೆ.

ಅಮೆರಿಕಕ್ಕೇ ಹಿಂತಿರುಗೋಣ. ಸ್ಯಾಮ್ಯುಯೆಲ್ ಡಿಲೇನಿ ಎಂಬ ಕರಿಯ ಲೇಖಕ ಅರವತ್ತರ ದಶಕದಲ್ಲಿ 'ನೋವಾ' ಎಂಬ ವೈಜ್ಞಾನಿಕ ಕಾದಂಬರಿ ಬರೆದು, ಧಾರಾವಾಹಿಯಾಗಿ ಅಚ್ಚು ಹಾಕಲು ಜಾನ್ ಕ್ಯಾಂಬೆಲ್ ಎಂಬ ದೊಡ್ಡ ಸಂಪಾದಕನಿಗೆ ಕಳಿಸಿದ. ಕ್ಯಾಂಬೆಲ್‌ಗೆ ಕಾದಂಬರಿ ಹಿಡಿಸಿತ್ತು. ಆದರೆ ಕರಿಯ ನಾಯಕನ ಜೊತೆ ತನ್ನ ಓದುಗರು ಒಂದಾಗಲಾರರು ಎಂದು ವಾಪಸು ಮಾಡಿದ. ಇದನ್ನು ಡಿಲೇನಿ ೧೯೯೮ರ ತನ್ನ ಪ್ರಬಂಧದಲ್ಲಿ ಬರೆದಿದ್ದಾನೆ. ನನಗೇನಿಲ್ಲ ಕಣಪ್ಪಾ, ಓದುಗರು ಒಪ್ಪಲ್ಲ. ಕನ್ನಡಕ್ಕೆ ಅನುವಾದಿಸುವ ಶ್ರಮವೂ ಬೇಡ, ಇದು ನಮ್ಮದೇ ವಾಕ್ಯ.

ಅದೇ ೧೯೯೮ರಲ್ಲಿ 'ಸ್ಟಾರ್ ಟ್ರೆಕ್'ನ ಸಂತತಿಯಾದ 'ಡೀಪ್ ಸ್ಪೇಸ್ ನೈನ್'ನಲ್ಲಿ ಒಂದು ಕಂತು ಬಂತು, 'ಫಾರ್ ಬಿಯಾಂಡ್ ದಿ ಸ್ಟಾರ್ಸ್'. ೧೯೫೩ರ ನ್ಯೂಯಾರ್ಕಿನ ಒಂದು ವಿಜ್ಞಾನ ಕಥೆಗಳ ಪತ್ರಿಕೆ. ಬೆನ್ನಿ ರಸೆಲ್ ಎಂಬ ಕರಿಯ ಲೇಖಕ ಬಾಹ್ಯಾಕಾಶ ಠಾಣೆಯೊಂದಕ್ಕೆ ಕರಿಯನೇ ದಳಪತಿಯಾದ ಕತೆ ಬರೆಯುತ್ತಾನೆ. ಬೇಕಾದರೆ ಇದೆಲ್ಲ ಕನಸು ಅಂತ ಕೊನೆಗೆ ಸೇರಿಸು, ಆಗ ಹಾಕಬಹುದು ಎಂಬ ಸಲಹೆ ಬರುತ್ತದೆ. ಹೊಟ್ಟೆಪಾಡಿನವನು, ಒಪ್ಪುತ್ತಾನೆ. ಆಮೇಲೆ ಮಾಲೀಕ ಇಡೀ ಸಂಚಿಕೆಯನ್ನೇ ರದ್ದಿಗೆ ಹಾಕಿಸಿ ಬೆನ್ನಿಯನ್ನು ಕೆಲಸದಿಂದ ತೆಗೆಯುತ್ತಾನೆ. ಮಾಲೀಕ ಕಂತಿನಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಕೆಟ್ಟ ಸುದ್ದಿ ತರುವವನು ಪಾಪ, ಸಂಪಾದಕ. ನಿರ್ದೇಶಿಸಿದವರು ದಳಪತಿಯ ಪಾತ್ರ ಮಾಡುತ್ತಿದ್ದ ಏವರಿ ಬ್ರೂಕ್ಸ್ ಅವರೇ. ಏಳು ವರ್ಷ ನಡೆದ ಧಾರಾವಾಹಿ ತನ್ನ ಆರನೇ ವರ್ಷದಲ್ಲಿ ಮಾಡಿದ ಕೆಲಸ ಇದು. ಆರನೇ ವರ್ಷ ಎಂಬುದನ್ನು ಗಮನಿಸಬೇಕು.

•

ನನ್ನ ವಾದಕ್ಕೆ ಒಂದು ಅಡ್ಡಮಾತಿದೆ. ಬಿಳಿಯರ ಕತೆಗಳೂ ಸಾಯುತ್ತವಲ್ಲ? ಸಾಯುತ್ತವೆ. ಅಕಾಲ ಸಾವಿನ ಧಾರಾವಾಹಿಗಳಲ್ಲಿ ಜಗತ್ತು ಅತಿ ಹೆಚ್ಚು ಅತ್ತದ್ದು 'ಫೈರ್‌ಫ್ಲೈ'ಗೆ. ೨೦೦೨ರಲ್ಲಿ ಅದೇ ಫಾಕ್ಸ್ ಜಾಲ ಅದನ್ನು ಶುಕ್ರವಾರ ರಾತ್ರಿಗೆ ಹಾಕಿತು, ಕಂತುಗಳನ್ನು ಹಿಂದುಮುಂದು ಮಾಡಿತು, ತಯಾರಾದ ೧೪ರಲ್ಲಿ ೧೧ ತೋರಿಸಿ ನಿಲ್ಲಿಸಿತು. ಮೊದಲು ಬರಬೇಕಾಗಿದ್ದ ಕಂತು ಬಂದದ್ದು ಕಟ್ಟಕಡೆಗೆ. ಇಷ್ಟು ಕೆಟ್ಟದಾಗಿ ಯಾವ ಕತೆಯನ್ನೂ ನಡೆಸಿಕೊಳ್ಳಬಾರದು. ಆದರೆ ಮುಂದೇನಾಯಿತು? ಅಭಿಮಾನಿಗಳು ಡಿವಿಡಿ ಕೊಂಡರು, ಕೊಂಡೇ ಕೊಂಡರು. ೨೦೦೫ರಲ್ಲಿ ಸಿನಿಮಾ ಬಂತು, ಕತೆಗೆ ಒಂದು ಮುಕ್ತಾಯ ಸಿಕ್ಕಿತು. ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದವರ ಪಾಡನ್ನು ಆಕಾಶಕ್ಕೆ ಒಯ್ದ ಕತೆ ಅದು. ಆ ಯುದ್ಧ ಯಾವುದಕ್ಕಾಗಿ ನಡೆಯಿತೋ ಆ ಗುಲಾಮಗಿರಿಯನ್ನು ಮಾತ್ರ ಕೆಳಗೇ ಬಿಟ್ಟು ಹೋಗಿದ್ದಾರೆ. ಪಾತ್ರಗಳು ಬೈಯುವುದು ಚೀನೀ ಭಾಷೆಯಲ್ಲಿ, ಚೀನೀಯರು ಮಾತ್ರ ಹಡಗಿನಲ್ಲಿಲ್ಲ. ಜೋಯಿ ಎಂಬ ಕಪ್ಪು ಹೆಣ್ಣಿನ ಪಾತ್ರ ಸೊಗಸಾಗಿದೆ, ಅದನ್ನೂ ಹೇಳಬೇಕು. ಧಾರಾವಾಹಿ ನನಗೂ ಇಷ್ಟವಾಯಿತು. ನಾನು ಕೇಳುವುದು ಇಷ್ಟೇ: ಸತ್ತ ಕತೆಯನ್ನು ಎಬ್ಬಿಸುವ ಶಕ್ತಿ ಯಾರ ಕೈಯಲ್ಲಿದೆ? ಕೊಳ್ಳುವವನ ಕೈಯಲ್ಲಿ.

ಈಗ ಹತ್ತಿರದ ಕಾಲದ ಎರಡು ಸಾವು. ಮಿಶಾ ಗ್ರೀನ್ ಎಂಬ ಕಪ್ಪು ಮಹಿಳೆ ರೂಪಿಸಿದ 'ಲವ್‌ಕ್ರಾಫ್ಟ್ ಕಂಟ್ರಿ' ಎಚ್‌ಬಿಓನಲ್ಲಿ ೨೦೨೦ರಲ್ಲಿ ಬಂತು. ೧೯೫೦ರ ದಶಕದ ಕರಿಯರ ಕುಟುಂಬ. ಒಂದು ಕಡೆ ರಾಕ್ಷಸರು, ಇನ್ನೊಂದು ಕಡೆ ಬಿಳಿ ಪೊಲೀಸರು, ಯಾರು ಹೆಚ್ಚು ಭಯಂಕರ ಎಂಬುದು ಅಲ್ಲಿ ಕಡೆಯವರೆಗೂ ತೀರ್ಮಾನವಾಗುವುದಿಲ್ಲ. ಎಚ್‌ಬಿಓಗೆ ಜಾಹೀರಾತಿನ ಹಂಗಿಲ್ಲ. ಆದರೂ ಹತ್ತು ಕಂತಿಗೆ ಸಾಕು ಎಂದು ೨೦೨೧ರ ಜುಲೈ ಮೊದಲಲ್ಲಿ ಹೇಳಿದರು. ಹತ್ತೇ ದಿನದ ಮೇಲೆ ಅದಕ್ಕೆ ೧೮ ಎಮ್ಮಿ ನಾಮಕರಣ ಬಂತು. ಸತ್ತವನ ಮನೆಗೆ ನೌಕರಿಯ ಆರ್ಡರು ಬಂದ ಹಾಗೆ.

ಇನ್ನೊಂದು 'ಕಿಂಡ್ರೆಡ್', ಆಕ್ಟೇವಿಯಾ ಬಟ್ಲರ್ ೧೯೭೯ರಲ್ಲಿ ಬರೆದ ಕಾದಂಬರಿ. ಡಾನಾ ಎಂಬ ಇಂದಿನ ಕಪ್ಪು ಹೆಣ್ಣನ್ನು ಕಾಲ ಹಿಂದಕ್ಕೆ ಎಳೆದು ಗುಲಾಮರ ತೋಟಕ್ಕೆ ಹಾಕುತ್ತದೆ. ಅಲ್ಲಿನ ಒಡೆಯನ ಮಗ ರೂಫಸ್ ಅವಳದೇ ಪೂರ್ವಜ. ಅವನು ಸತ್ತರೆ ಇವಳು ಹುಟ್ಟುವಂತಿಲ್ಲ, ಆದ್ದರಿಂದ ಅವನನ್ನು ಮತ್ತೆ ಮತ್ತೆ ಬದುಕಿಸಬೇಕು. ೨೦೨೨ರ ಡಿಸೆಂಬರಿನಲ್ಲಿ ಟೀವಿಗೆ ಎಂಟು ಕಂತು ಬಂತು. ಎರಡು ತಿಂಗಳು ತುಂಬುವ ಮೊದಲೇ, ೨೦೨೩ರ ಜನವರಿಯಲ್ಲಿ, ಇಷ್ಟೇ ಎಂದರು. ಈ ಹೊಸ ಪದ್ಧತಿಯಲ್ಲಿ ಎಷ್ಟು ಜನ ನೋಡಿದರೆಂಬ ಲೆಕ್ಕವೂ ಸಾಮಾನ್ಯವಾಗಿ ಕಂಪನಿಯ ಒಳಗೇ ಉಳಿಯುತ್ತದೆ. ೨೦೨೩ರಲ್ಲಿ ಅಮೆರಿಕದ ಬರಹಗಾರರು ೧೪೮ ದಿನ ಮುಷ್ಕರ ಹೂಡಿದಾಗ ಈ ಲೆಕ್ಕ ತೋರಿಸಿ ಎಂಬುದೂ ಒಂದು ಬೇಡಿಕೆಯಾಗಿತ್ತು.

ಕಾದಂಬರಿಯಲ್ಲಿ ಡಾನಾ ಕೊನೆಗೆ ರೂಫಸನನ್ನು ಚಾಕುವಿನಿಂದ ಇರಿದು ಕೊಲ್ಲುತ್ತಾಳೆ. ತನ್ನ ಒಂದು ತೋಳು ಕಳೆದುಕೊಂಡು ಮನೆ ಸೇರುತ್ತಾಳೆ. ಟೀವಿಯ ಡಾನಾ ಅಲ್ಲಿಯವರೆಗೆ ಬರಲೇ ಇಲ್ಲ. ಟೀವಿಯಲ್ಲಿ ಒಡೆಯನ ಮಗ ಇನ್ನೂ ಬದುಕಿದ್ದಾನೆ.

•

ಇಷ್ಟು ಬರೆದು ಇಲ್ಲಿಗೇ ಬಿಟ್ಟರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನನಗೆ ಹೇಳಬೇಕಿರುವುದು ಇದಕ್ಕಿಂತ ಕಹಿಯಾದದ್ದು.

'ಏಲಿಯನ್ ನೇಷನ್' ನಿಂತು ನಾಲ್ಕು ವರ್ಷದ ಮೇಲೆ, ೧೯೯೪ರಿಂದ ೯೭ರ ನಡುವೆ, ಅದೇ ನಟರನ್ನು ಇಟ್ಟುಕೊಂಡು ಐದು ಟೀವಿ ಚಿತ್ರ ಮಾಡಿದರು. ೧೯೯೬ರದು 'ದಿ ಎನಿಮಿ ವಿದಿನ್'. ಅದರಲ್ಲಿ ಹೊಸಬರೊಳಗೇ 'ಈನೋ' ಎಂಬೊಂದು ಗುಂಪು ಇದೆಯೆಂದು ತಿಳಿಯುತ್ತದೆ. ಜೀತದ ಹಡಗಿನಲ್ಲೂ ಉಳಿದ ಜೀತಗಾರರು ಹೊಲಸೆಂದು ದೂರ ಇಟ್ಟವರು. ಅಂಥ ಒಬ್ಬರ ಸಾವಿನ ತನಿಖೆ ಬಂದಾಗ ನಮ್ಮ ಜಾರ್ಜ್, ಮಗಳನ್ನು ಶಾಲೆಗೆ ಸೇರಿಸಲು ಒದ್ದಾಡಿದ ಜಾರ್ಜ್, ಬೀದಿಯಲ್ಲಿ ಬೈಗುಳ ತಿಂದ ಜಾರ್ಜ್, ಹಿಂದೇಟು ಹಾಕುತ್ತಾನೆ. ಅವನ ಬಿಳಿಯ ಜೊತೆಗಾರನಿಗೆ ನಂಬಲಾಗುವುದಿಲ್ಲ. ಚಿತ್ರ ದೊಡ್ಡದೇನಲ್ಲ. ಈನೋಗಳನ್ನು ಅದು ಅವರ ಕಣ್ಣಿನಿಂದ ನೋಡದೆ ಜಾರ್ಜನ ಮೂಗಿನಿಂದಲೇ ನೋಡುತ್ತದೆ. ಆದರೆ ಅಂಬೇಡ್ಕರರು ಶ್ರೇಣೀಕೃತ ಅಸಮಾನತೆ ಅಂದರಲ್ಲ, ಅದನ್ನು ಅಮೆರಿಕದ ಒಂದು ಸಾಮಾನ್ಯ ಟೀವಿ ಕತೆ ತಾನಾಗಿಯೇ ತಡವಿಕೊಂಡು ಹೋಗಿ ಮುಟ್ಟಿದ್ದನ್ನು ನೋಡಿ ನಾನು ಬೆಚ್ಚಿದೆ. ಮೊದಲ ೨೨ ಕಂತುಗಳಲ್ಲಿ ಅದಕ್ಕೆ ಬಿಡುವಿರಲಿಲ್ಲ. ಮೊದಲು ಬಿಳಿಯರ ಕಡೆ ತಿರುಗಿ ನಾವೂ ಮನುಷ್ಯರು ಎಂದು ಹೇಳಿ ಮುಗಿಸಬೇಕಿತ್ತು. ತನ್ನ ಕಡೆ ತಾನು ತಿರುಗಲು ಹೊತ್ತು ಬೇಕು. ಸತ್ತು ಎದ್ದು ಬಂದಮೇಲೆ ಆ ಹೊತ್ತು ಸಿಕ್ಕಿತು.

'ಲವ್‌ಕ್ರಾಫ್ಟ್ ಕಂಟ್ರಿ'ಗೆ ಸಿಗಲಿಲ್ಲ. ಅದರ ನಾಲ್ಕನೇ ಕಂತಿನಲ್ಲಿ ಯಾಹಿಮಾ ಎಂಬ ಮೂಲನಿವಾಸಿ, ಗಂಡೂ ಹೆಣ್ಣೂ ಎರಡೂ ಆದ ಪಾತ್ರ ಬರುತ್ತದೆ. ಬಂದ ಕಂತಿನಲ್ಲೇ ನಾಯಕನ ತಂದೆ ಅವರ ಕತ್ತು ಕುಯ್ಯುತ್ತಾನೆ. ನೋಡಿದವರು ಕೇಳಿದರು, ಕರಿಯರ ಕತೆಯಲ್ಲಿ ಇವರ ಜೀವ ಇಷ್ಟು ಅಗ್ಗವೇ ಎಂದು. ಮಿಶಾ ಗ್ರೀನ್ ತಾನು ಸೋತೆನೆಂದು ಬಹಿರಂಗವಾಗಿ ಒಪ್ಪಿಕೊಂಡರು. ಆ ಸೋಲನ್ನು ಕತೆಯೊಳಗೇ ಸರಿಪಡಿಸಲು ಎರಡನೇ ವರ್ಷ ಬೇಕಿತ್ತು.

ನಮ್ಮದೂ ಬಹುಪಾಲು ಮೊದಲ ವರ್ಷದ ಸಾಹಿತ್ಯ. ಊರ ಕಡೆ ಮುಖ ಮಾಡಿ ಹೇಳಿದ್ದೇ ಹೆಚ್ಚು. ಎಡ ಬಲದ ಮಾತು ವೇದಿಕೆಗೆ ಬಂದರೆ 'ಇದು ಸಮಯ ಅಲ್ಲ ಕಣ್ರಿ' ಅಂತ ಮೈಕು ಕಿತ್ತುಕೊಂಡವರಲ್ಲಿ ನಾನೂ ಒಬ್ಬ. ಸುಪ್ರೀಂ ಕೋರ್ಟು ೨೦೨೪ರ ಆಗಸ್ಟಿನಲ್ಲಿ ಒಳಮೀಸಲಾತಿಗೆ ದಾರಿ ಬಿಟ್ಟಾಗ ನಮ್ಮ ಗೆಳೆಯರು ಗುಂಪು ಗುಂಪಾಗಿ ಬೇರೆ ಬೇರೆ ಮೂಲೆಯಲ್ಲಿ ಟೀ ಕುಡಿದದ್ದನ್ನು ನೋಡಿದೆ. ಮೂವತ್ತು ವರ್ಷ ಜೊತೆಗೆ ಕೂತವರು, ಈ ಬಗ್ಗೆ ಒಂದು ಕತೆ ಬರೆದಿರಲಿಲ್ಲ.

ಒಂದು ಬರೆದಿದ್ದರು, ತಪ್ಪು ಹೇಳಿದೆ. ನಾನು ಒಂದು ಸಣ್ಣ ಪತ್ರಿಕೆಯ ಕೆಲಸ ನೋಡಿಕೊಳ್ಳುತ್ತಿದ್ದಾಗ ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಕತೆ ತಂದುಕೊಟ್ಟಳು. ಚಂದ್ರನ ಮೇಲೆ ಊರು ಕಟ್ಟಿದ್ದಾರೆ, ಅಲ್ಲಿನ ಮಲದ ಗುಂಡಿ ಬಳಿಯಲು ಇಲ್ಲಿಂದ ಜನ ಹೋಗುತ್ತಾರೆ. ಗುಂಡಿಗಿಳಿಯುವವರಲ್ಲೂ ಯಾರು ಹಗ್ಗ ಹಿಡಿಯಬೇಕು, ಯಾರು ಇಳಿಯಬೇಕು ಎಂಬ ಭೇದ. ಹದಿನೇಳು ಪುಟ, ಕೊನೆಗೆ 'ಮುಂದಿನ ಸಂಚಿಕೆಗೆ' ಎಂದಿತ್ತು. ಓದಿ ಬೆರಗಾದೆ. 'ಚೆನ್ನಾಗಿದೆ ಕಣಮ್ಮ, ನನಗೇನಿಲ್ಲ, ನಮ್ಮ ಓದುಗರು ಒಪ್ಪಲ್ಲ' ಅಂದೆ. ಚಂದ್ರಲೋಕ ನಮ್ಮ ಜನಕ್ಕೆ ದೂರ ಆಗುತ್ತೆ, ಅನುಭವದ್ದು ಬರಿ ಅಂತಲೂ ಸೇರಿಸಿದೆ. ನಿಜವಾಗಿ ನನಗೆ ಹೆದರಿಕೆ ಇದ್ದದ್ದು ಆ ಹಗ್ಗದ ಬಗ್ಗೆ.

ಈ ಲೇಖನ ಬರೆಯುವ ಮುಂಚೆ ಆಕೆಯ ನಂಬರು ಹುಡುಕಿ ಫೋನು ಮಾಡಿದೆ. ಈಗ ಎಲ್ಲೋ ಹೈಸ್ಕೂಲಲ್ಲಿ ಪಾಠ ಮಾಡುತ್ತಾರೆ. ಆ ಕತೆ ಈ ಸಂಚಿಕೆಗೆ ಕೊಡ್ತೀರಾ, ಎರಡನೇ ಭಾಗವನ್ನೂ ಬರೀರಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದರಲ್ಲಿ ಯಾರು ಗುಂಡಿಗಿಳಿದರು ಅಂತಾನೇ ಮರೆತೋಯ್ತು ಸಾರ್' ಅಂದರು. ಹಸ್ತಪ್ರತಿ ನನ್ನ ಹತ್ತಿರ ಇದೆಯೇ ಎಂದು ಕೇಳಿದರು. ಹುಡುಕುತ್ತಿದ್ದೇನೆ.